ಗುಜರಿ ಸೇರಿದ್ದ ವಿಮಾನಗಳಿಗೆ ಬೆಂಗಳೂರಿನಲ್ಲಿ ಮರುಹುಟ್ಟು

ಬೆಂಗಳೂರಿನ ದೊಮ್ಮಲೂರಿನಿಂದ ಮಾರತ್ತಹಳ್ಳಿಯ ಕಡೆಗೆ ಸಾಗುವ ರಸ್ತೆಯನ್ನು ಜನ ಈಗಲೂ ಹಳೆ ಏರ್‌ಪೋರ್ಟ್ ರಸ್ತೆ ಎಂದೇ ಕರೆಯುತ್ತಾರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ತೆರೆದ ಮೇಲೆ ಪ್ರಯಾಣಿಕರ ವಿಮಾನಗಳೆಲ್ಲ ಅತ್ತ ಹೋದವು. ರಸ್ತೆಗೆ ಅಂಟಿದ ಹೆಸರು ಮಾತ್ರ ಹೋಗಲಿಲ್ಲ. ರಸ್ತೆಯ ಪಕ್ಕದ ಉದ್ದನೆಯ ಕಾಂಪೌಂಡ್ ಗೋಡೆಯ ಆಚೆ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಲ್ಲರ ಬಾಯಲ್ಲಿರುವ ಎಚ್‌ಎಎಲ್‌ನ ರನ್‌ವೇ ಇದೆ. ಬಸ್ಸಿನಲ್ಲಿ ಹೋಗುವವರು ಆಗೊಮ್ಮೆ ಈಗೊಮ್ಮೆ ತಲೆಯ ಮೇಲೆ ಗುಡುಗಿದಂತಾದಾಗ ಕಿಟಕಿಯಿಂದ ಕತ್ತು ಹೊರಚಾಚಿ ನೋಡುತ್ತಾರೆ. ಇದು ಹೆಲಿಕಾಪ್ಟರ್ ಮತ್ತು ಜೆಟ್ ವಿಮಾನಗಳ ಕಾಲದ ನೋಟ.

ಇದೇ ಜಾಗ ಎಂಟು ದಶಕಗಳ ಹಿಂದೆ ಊರಾಚೆಯ ಒಂದು ಪುಟ್ಟ ವಿಮಾನ ಬಯಲಾಗಿತ್ತು. ಎರಡನೇ ಮಹಾಯುದ್ಧದ ವಿಮಾನಗಳು ಇಲ್ಲಿ ಬಂದಿಳಿದವು, ಬಿಚ್ಚಿಸಿಕೊಂಡವು, ಮತ್ತೆ ಜೋಡಿಸಿಕೊಂಡು ಹಾರಿದವು. ಯುದ್ಧ ಮುಗಿದ ಮೇಲೆ ಇನ್ನು ಹಾರಲೇಬಾರದೆಂದು ಬೇಕೆಂದೇ ಕೆಡಿಸಿ ಎಸೆದಿದ್ದ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು ಇಲ್ಲಿನ ಕೆಲಸಗಾರರು ರಿಪೇರಿ ಮಾಡಿ ಸ್ವತಂತ್ರ ಭಾರತದ ವಾಯುಪಡೆಯ ಕೈಗಿತ್ತರು. ಅವುಗಳಲ್ಲಿ ಕೆಲವು ಇಂದು ಬ್ರಿಟನ್, ಕೆನಡಾ, ಅಮೆರಿಕಗಳ ಸಂಗ್ರಹಾಲಯಗಳಲ್ಲಿ ಮಿರುಗುತ್ತಿವೆ. ಅವಕ್ಕೆ ಎರಡನೆಯ ಜನ್ಮ ಕೊಟ್ಟ ಊರಿನಲ್ಲಿ ಈ ಕಥೆಯನ್ನು ಬಲ್ಲವರು ಕಡಿಮೆ.

ಪ್ರಯಾಣದಲ್ಲಿ ಮೊಳೆತ ಕಾರ್ಖಾನೆ

ಕಥೆ ಆರಂಭವಾಗುವುದು 1939ರಲ್ಲಿ. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಅವರಿಗೆ ಪೆಸಿಫಿಕ್ ಸಾಗರದ ಮೇಲಿನ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿಯ ಪರಿಚಯವಾಯಿತು. ಪಾಲಿ ಚೀನಾ ದೇಶಕ್ಕೆ ಯುದ್ಧವಿಮಾನಗಳನ್ನು ಒದಗಿಸುತ್ತಿದ್ದ. ಅಲ್ಲಿಯೇ ಅವುಗಳನ್ನು ಜೋಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಭಾರತದಲ್ಲಿಯೂ ಅಂಥ ಕಾರ್ಖಾನೆ ಏಕಾಗಬಾರದು ಎಂಬ ಮಾತು ಇಬ್ಬರ ನಡುವೆ ಬಂತು.

ಆಗ ಬ್ರಿಟಿಷ್ ಸರ್ಕಾರಕ್ಕೆ ಭಾರತೀಯರು ಭಾರಿ ಕೈಗಾರಿಕೆಗೆ ಕೈಹಾಕುವುದು ಅಷ್ಟು ರುಚಿಸುವ ವಿಷಯವಾಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮುತುವರ್ಜಿ ವಹಿಸಿ ವಾಲಚಂದ್ ಅವರ ಜತೆ ರೂಪಿಸಿದ್ದ ಕಾರು ಕಾರ್ಖಾನೆಯ ಯೋಜನೆ ಬೆಂಗಳೂರಿಗೆ ದಕ್ಕದೆ ಹೋದದ್ದು ಇದಕ್ಕೆ ಒಂದು ಉದಾಹರಣೆ. ಆದರೆ ಯುರೋಪಿನಲ್ಲಿ ಯುದ್ಧ ಬಿಗಡಾಯಿಸಿದಂತೆ ಬ್ರಿಟನ್ನಿನಿಂದ ಇತ್ತ ವಿಮಾನ ಬರುವುದು ಕಷ್ಟವಾಯಿತು. ಕಾರು ಬೇಡವೆಂದಿದ್ದ ಸರ್ಕಾರ ವಿಮಾನಕ್ಕೆ ಒಪ್ಪಿಗೆ ಕೊಟ್ಟಿತು.

ಜಾಗದ ಪ್ರಶ್ನೆ ಬಂದಾಗ ಮುಂದೆ ಬಂದದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ 700 ಎಕರೆ ಭೂಮಿ ಕೊಟ್ಟಿತಲ್ಲದೆ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹೂಡಿತು. ಇಲ್ಲಿಗೆ ಕಾರ್ಖಾನೆ ಬರಲು ಬೇರೆ ಕಾರಣಗಳೂ ಇದ್ದವು. ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ 1905ರಲ್ಲಿಯೇ ಬಂದಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಊರಿನಲ್ಲೇ ಇತ್ತು. ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದ ತಂಪು ಹವೆ ಯಂತ್ರಗಳಿಗೂ ಮನುಷ್ಯರಿಗೂ ಹಿತವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಊರು ಎರಡೂ ಕರಾವಳಿಗಳಿಂದ ದೂರವಿತ್ತು.

1940ರ ಡಿಸೆಂಬರ್ 23ರಂದು ನಾಲ್ಕು ಕೋಟಿ ರೂಪಾಯಿ ಅಧಿಕೃತ ಬಂಡವಾಳದೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ದಂಡು ಪ್ರದೇಶದ ಪೂರ್ವಕ್ಕೆ, ದೊಮ್ಮಲೂರಿನಾಚೆಯ ಬಯಲಿನಲ್ಲಿ ಶೆಡ್ಡುಗಳು ಎದ್ದವು, ರನ್‌ವೇ ಸಮತಟ್ಟಾಯಿತು. ಆ ಪ್ರದೇಶಕ್ಕೆ ವಿಮಾನಪುರ ಎಂಬ ಹೆಸರು ಬಂತು. ಅಮೆರಿಕದಿಂದ ಹಡಗಿನಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಕಟ್ಟಿದ ಮೊದಲ ವಿಮಾನ, ಹಾರ್ಲೋ ಎಂಬ ತರಬೇತಿ ವಿಮಾನ, 1941ರ ಆಗಸ್ಟ್‌ನಲ್ಲಿ ಹಾರಿತು. ಕಂಪನಿ ಹುಟ್ಟಿ ಇನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಎಂಬ ಫೈಟರ್ ವಿಮಾನವೂ ಇಲ್ಲಿಂದ ಮೇಲೆದ್ದಿತು.

ಬಾಗಿಲಿಗೆ ಬಂದ ಯುದ್ಧ

ಆದರೆ ವಿಮಾನ ಕಟ್ಟುವ ಕನಸು ಅಷ್ಟಕ್ಕೇ ನಿಂತಿತು. ಕಾರಣ ಬೆಂಗಳೂರಿನಲ್ಲಿರಲಿಲ್ಲ, ಬಂಗಾಳಕೊಲ್ಲಿಯ ಆಚೆ ಇತ್ತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. 1942ರ ಫೆಬ್ರುವರಿಯಲ್ಲಿ ಸಿಂಗಪುರ, ಮಾರ್ಚ್‌ನಲ್ಲಿ ರಂಗೂನ್ ಬಿದ್ದವು. ಏಪ್ರಿಲ್‌ನಲ್ಲಿ ಜಪಾನಿನ ನೌಕಾಪಡೆ ಹಿಂದೂ ಮಹಾಸಾಗರಕ್ಕೆ ನುಗ್ಗಿ ಕೊಲಂಬೋ, ಟ್ರಿಂಕಾಮಲಿ ಬಂದರುಗಳ ಮೇಲೆ ಬಾಂಬು ಹಾಕಿತು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಕ್ಕೂ ಬಾಂಬು ಬಿತ್ತು. ಮದರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿನ ಕಡೆಗೆ ಹೊರಟ ದಿನಗಳವು.

ಇಂಥ ಸಮಯದಲ್ಲಿ ಹೊಸ ವಿಮಾನಗಳನ್ನು ನಿಧಾನವಾಗಿ ಕಟ್ಟುವುದಕ್ಕಿಂತ, ಹಾರುತ್ತಿರುವ ವಿಮಾನಗಳು ನೆಲಕಚ್ಚದಂತೆ ನೋಡಿಕೊಳ್ಳುವುದು ಮಿತ್ರರಾಷ್ಟ್ರಗಳಿಗೆ ಮುಖ್ಯವಾಯಿತು. ಭಾರತ ಸರ್ಕಾರ 1941ರ ಮಾರ್ಚ್‌ನಲ್ಲಿಯೇ ಕಂಪನಿಯ ಪಾಲುದಾರನಾಗಿತ್ತು. 1942ರಲ್ಲಿ ವಾಲಚಂದ್ ಅವರ ಪಾಲನ್ನು ಕೊಂಡು ಆಡಳಿತವನ್ನೂ ವಹಿಸಿಕೊಂಡಿತು. ಮೈಸೂರು ಸಂಸ್ಥಾನ ತನ್ನ ಪಾಲನ್ನು ಮಾರಲಿಲ್ಲ. ಯುದ್ಧ ಮುಗಿಯುವವರೆಗೆ ಆಡಳಿತದಲ್ಲಿ ತಲೆಹಾಕುವುದಿಲ್ಲ ಎಂದು ಮಾತ್ರ ಒಪ್ಪಿಕೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಯಿತು. ಕಾರ್ಖಾನೆಯಾಗಿ ಹುಟ್ಟಿದ್ದು ಒಂದು ದೊಡ್ಡ ರಿಪೇರಿ ಶೆಡ್ಡಾಗಿ ಬದಲಾಯಿತು.

ಬರ್ಮಾ ರಸ್ತೆ ಮುಚ್ಚಿಹೋದ ಮೇಲೆ ಚೀನಾಕ್ಕೆ ಸಾಮಗ್ರಿ ಸಾಗಿಸಲು ಉಳಿದಿದ್ದ ದಾರಿ ಆಕಾಶವೊಂದೇ. ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಏಣುಗಳನ್ನು ದಾಟಿ ಕುನ್ಮಿಂಗ್‌ಗೆ ಹೋಗುತ್ತಿದ್ದ ವಿಮಾನಗಳು, ಬರ್ಮಾದ ಕಾಡಿನಲ್ಲಿದ್ದ ಸೈನಿಕರಿಗೆ ಅಕ್ಕಿ, ಗುಂಡು, ಔಷಧಿ ಎಸೆದು ಬರುತ್ತಿದ್ದ ಡಕೋಟಾಗಳು, ಬಾಂಬರ್‌ಗಳು, ಇವೆಲ್ಲ ಇಷ್ಟು ಗಂಟೆ ಹಾರಿದ ಮೇಲೆ ಸಂಪೂರ್ಣ ಬಿಚ್ಚಿ ಪರೀಕ್ಷೆಗೆ ಒಳಪಡಲೇಬೇಕು. ವಿಮಾನದ ನಿಯಮವೇ ಹಾಗೆ. ರಸ್ತೆಯಲ್ಲಿ ಕೆಟ್ಟ ಲಾರಿಯನ್ನು ಮರದ ನೆರಳಿಗೆ ತಳ್ಳಿ ನಿಲ್ಲಿಸಬಹುದು. ಆಕಾಶದಲ್ಲಿ ಆ ಅನುಕೂಲವಿಲ್ಲ.

ಈ ಕೆಲಸದ ಹೆಚ್ಚಿನ ಭಾರ ಬಿದ್ದದ್ದು ಅದುವರೆಗೆ ವಿಮಾನವನ್ನು ಹತ್ತಿರದಿಂದ ನೋಡಿಯೂ ಇರದ ಜನರ ಮೇಲೆ. ಮೈಸೂರು ಸೀಮೆಯ ಮತ್ತು ದಂಡಿನ ಯುವಕರು, ಮರಗೆಲಸ ಕಮ್ಮಾರಿಕೆ ಬಲ್ಲವರು, ಕೈಗಾರಿಕಾ ಶಾಲೆಗಳಲ್ಲಿ ಕಲಿತವರು ಇಲ್ಲಿ ಫಿಟ್ಟರ್‌ಗಳಾದರು, ರಿವೆಟ್ ಹೊಡೆಯುವವರಾದರು, ಎಲೆಕ್ಟ್ರೀಷಿಯನ್‌ಗಳಾದರು. ಯುದ್ಧಕಾಲದ ಛಾಯಾಚಿತ್ರಗಳಲ್ಲಿ ವಿಮಾನದ ಕೆಲಸದಲ್ಲಿ ತೊಡಗಿದ ಮಹಿಳೆಯರನ್ನೂ ಕಾಣಬಹುದು. ವಿಮಾನದ ಮೈ ತೆಳು ಅಲ್ಯೂಮಿನಿಯಂ ತಗಡಿನದು. ಒಂದು ರಿವೆಟ್ ಕೂರಿಸಲು ಇಬ್ಬರು ಬೇಕು. ಹೊರಗಿನಿಂದ ಒಬ್ಬ ಗಾಳಿಯೊತ್ತಡದ ಸುತ್ತಿಗೆ ಹಿಡಿದರೆ, ಒಳಗಿನಿಂದ ಇನ್ನೊಬ್ಬ ಲೋಹದ ಗಟ್ಟಿ ತುಂಡೊಂದನ್ನು ಒತ್ತಿ ಹಿಡಿಯಬೇಕು. ಇಬ್ಬರ ಲೆಕ್ಕ ತಪ್ಪಿದರೆ ತಗಡು ತಗ್ಗಾಗುತ್ತದೆ. ಒಂದು ದೊಡ್ಡ ವಿಮಾನದಲ್ಲಿ ಇಂಥ ರಿವೆಟ್‌ಗಳು ಲಕ್ಷಗಟ್ಟಲೆ.

ಕೆರೆಗೆ ಇಳಿದ ಹಕ್ಕಿ

ರಿಪೇರಿಗೆ ಬಂದ ವಿಮಾನಗಳಲ್ಲಿ ಜನರ ಕಣ್ಣಿಗೆ ವಿಚಿತ್ರವಾಗಿ ಕಂಡಿರಬಹುದಾದದ್ದು ಕ್ಯಾಟಲಿನಾ. ಕೆಳಗೆ ದೋಣಿಯ ಮೈ, ಅದರ ಮೇಲೆ ಕಂಬವೊಂದರ ಆಧಾರದಲ್ಲಿ 104 ಅಡಿ ಅಗಲದ ರೆಕ್ಕೆ, ರೆಕ್ಕೆಯ ನೆತ್ತಿಯಲ್ಲಿ ಎರಡು ಎಂಜಿನ್. ನೀರಿನ ಮೇಲಿಳಿಯುವ, ನೀರಿನಿಂದಲೇ ಮೇಲೇಳುವ ಈ ವಿಮಾನ ವೇಗದಲ್ಲಿ ಹಿಂದು, ತಾಳ್ಮೆಯಲ್ಲಿ ಮುಂದು. ಇಪ್ಪತ್ತು ಗಂಟೆಗೂ ಮೀರಿ ಸಮುದ್ರದ ಮೇಲೆ ಸುತ್ತುತ್ತಾ ಶತ್ರು ಹಡಗುಗಳನ್ನೂ ಜಲಾಂತರ್ಗಾಮಿಗಳನ್ನೂ ಹುಡುಕುವುದು ಅದರ ಕೆಲಸ. 1942ರ ಏಪ್ರಿಲ್ 4ರಂದು ಸಿಂಹಳದ ಕೊಗ್ಗಲದಿಂದ ಹೊರಟ ಕ್ಯಾಟಲಿನಾ ಒಂದು ಜಪಾನಿನ ನೌಕಾಪಡೆಯನ್ನು ಕಂಡು ಸುದ್ದಿ ಮುಟ್ಟಿಸಿದ್ದರಿಂದಲೇ ಕೊಲಂಬೋ ಮರುದಿನದ ದಾಳಿಗೆ ಮೊದಲೇ ಎಚ್ಚೆತ್ತುಕೊಂಡಿತ್ತು. ಸುದ್ದಿ ಕಳಿಸಿದ ವಿಮಾನವನ್ನು ಜಪಾನೀಯರು ಹೊಡೆದುರುಳಿಸಿದರು.

ಕಡಲಿನಿಂದ ಇಷ್ಟು ದೂರವಿರುವ ಬೆಂಗಳೂರಿಗೆ ಕಡಲ ವಿಮಾನ ಬರುವುದು ಹೇಗೆ? ಉತ್ತರ ಕೆರೆಯಲ್ಲಿತ್ತು. ವಿಮಾನ ಬಯಲಿನ ದಕ್ಷಿಣಕ್ಕೆ ಹಬ್ಬಿಕೊಂಡಿರುವ ಬೆಳ್ಳಂದೂರು ಕೆರೆ ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದು. ಸುಮಾರು 900 ಎಕರೆಯ ಈ ನೀರು ಕ್ಯಾಟಲಿನಾಗಳಿಗೆ ರನ್‌ವೇ ಆಯಿತು. ಗದ್ದೆಗೆ ನೀರುಣಿಸಲು ಕಟ್ಟಿದ ಕೆರೆಯ ಮೇಲೆ ಪೆಸಿಫಿಕ್ ಯುದ್ಧದ ವಿಮಾನಗಳು ಹೊಟ್ಟೆಯೂರಿ ಇಳಿದವು. ಮದರಾಸಿನ ರೆಡ್ ಹಿಲ್ಸ್ ಕೆರೆ, ಕೊಚ್ಚಿಯ ಹಿನ್ನೀರುಗಳು ಕೂಡ ಆಗ ಇಂಥದೇ ನೆಲೆಗಳಾಗಿದ್ದವು.

ಅದೇ ಬೆಳ್ಳಂದೂರು ಕೆರೆ 2015ರಲ್ಲಿ ನೊರೆ ಉಕ್ಕಿಸಿ, 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದು ದೇಶಕ್ಕೆಲ್ಲ ಸುದ್ದಿಯಾಯಿತು. ನೀರಿಗೆ ಬೆಂಕಿ ಹತ್ತಿದ ಊರು ಎಂದು ಜನ ಆಡಿಕೊಂಡರು. ವಿಮಾನ ಇಳಿಯುವಷ್ಟು ತಿಳಿನೀರು ಅಲ್ಲಿತ್ತೆಂಬುದು ಇಂದಿನ ಮಕ್ಕಳಿಗೆ ಅಜ್ಜಿಕತೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಕಾನ್ಪುರದ ವಿಮಾನ ಸ್ಮಶಾನ

1945ರ ಆಗಸ್ಟ್‌ನಲ್ಲಿ ಯುದ್ಧ ಮುಗಿಯಿತು. ಅಮೆರಿಕನ್ನರು ಹೊರಟುಹೋದರು. ಅವರ ವಿಮಾನಗಳ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಬ್ರಿಟನ್ನಿನ ವಾಯುಪಡೆ ಭಾರತದಲ್ಲಿ ಬಳಸುತ್ತಿದ್ದ ಲಿಬರೇಟರ್ ಬಾಂಬರ್‌ಗಳು ಅಮೆರಿಕ 1941ರ ಲೆಂಡ್-ಲೀಸ್ ಕಾಯ್ದೆಯಡಿ ಕೊಟ್ಟವು. ಅದು ಒಂದು ಬಗೆಯ ಎರವಲು. ಯುದ್ಧ ಮುಗಿದೊಡನೆ ಎರವಲು ಪಡೆದದ್ದನ್ನು ಹಿಂದಿರುಗಿಸಬೇಕು, ಇಲ್ಲವೇ ಕೊಳ್ಳಬೇಕು, ಎರಡೂ ಆಗದಿದ್ದರೆ ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು. ಯುದ್ಧದಿಂದ ಬರಿಗೈಯಾಗಿದ್ದ ಬ್ರಿಟನ್ನಿಗೆ ಕೊಳ್ಳುವ ಚೈತನ್ಯವಿರಲಿಲ್ಲ. ವಿಮಾನಗಳೇ ಬೇಕಾದಷ್ಟಿದ್ದ ಅಮೆರಿಕಕ್ಕೆ ಅವನ್ನು ಸಾಗಿಸಿಕೊಂಡು ಹೋಗುವ ಮನಸ್ಸಿರಲಿಲ್ಲ.

ಹೀಗಾಗಿ ಲಿಬರೇಟರ್‌ಗಳನ್ನು ಕಾನ್ಪುರದ ವಿಮಾನ ನೆಲೆಯಲ್ಲಿ ಸಾಲಾಗಿ ನಿಲ್ಲಿಸಿ ಕೆಡಿಸಲಾಯಿತು. ಎಂಜಿನ್‌ಗಳಿಗೆ ಮರಳು ಸುರಿದದ್ದು, ಉಪಕರಣಗಳನ್ನು ಒಡೆದದ್ದು, ಮೈಗೆ ತೂತು ಹೊಡೆದದ್ದು, ಬುಲ್‌ಡೋಜರ್‌ನಿಂದ ಗುದ್ದಿದ್ದು, ಎಲ್ಲವನ್ನೂ ವಿಮಾನ ಇತಿಹಾಸಕಾರರು ದಾಖಲಿಸಿದ್ದಾರೆ. ಆಮೇಲೆ ಎರಡು ವರ್ಷ ಅವು ಬಿಸಿಲು ಮಳೆಗೆ ಒಡ್ಡಿಕೊಂಡು ಹಾಗೆಯೇ ನಿಂತವು.

ಅಷ್ಟರಲ್ಲಿ ದೇಶ ಸ್ವತಂತ್ರವಾಯಿತು, ಇಬ್ಭಾಗವಾಯಿತು, ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನು ಇಳಿಸಿದ್ದು ಡಕೋಟಾಗಳು. ಆದರೆ ಭಾರತದ ವಾಯುಪಡೆಯ ಬಳಿ ದೂರ ಹೋಗಬಲ್ಲ ಭಾರಿ ಬಾಂಬರ್ ಒಂದೂ ಇರಲಿಲ್ಲ. ಸಾಮಾನು ಸಾಗಿಸುವ ಡಕೋಟಾದ ಬಾಗಿಲಿನಿಂದಲೇ ಬಾಂಬುಗಳನ್ನು ಉರುಳಿಸಿದ ಪ್ರಸಂಗಗಳು ಆ ಯುದ್ಧದಲ್ಲಿ ನಡೆದವು. ಹೊಸ ಬಾಂಬರ್ ಕೊಳ್ಳಲು ಹಣವಿಲ್ಲ, ಕೊಡುವವರೂ ಇಲ್ಲ. ಆಗ ಕಣ್ಣಿಗೆ ಬಿದ್ದದ್ದು ಕಾನ್ಪುರದ ಗುಜರಿ. ಅವು ಮತ್ತೆ ಹಾರುವುದು ಸಾಧ್ಯವೇ ಇಲ್ಲ ಎಂದು ಪಾಶ್ಚಾತ್ಯ ತಜ್ಞರು ಕೈಚೆಲ್ಲಿದ್ದರೆಂದು ಹೇಳಲಾಗುತ್ತದೆ. ಕೆಲಸ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಪಾಲಿಗೆ ಬಂತು.

ಮೂರು ವಿಮಾನಕ್ಕೆ ಒಂದೇ ಎಂಜಿನ್

ಲಿಬರೇಟರ್ ಸಾಮಾನ್ಯ ವಿಮಾನವಲ್ಲ. 1939ರ ಡಿಸೆಂಬರ್ 29ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೊದಲು ಹಾರಿದ ಇದನ್ನು ಯುದ್ಧ ಮುಗಿಯುವುದರೊಳಗೆ 18 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲಾಯಿತು. ಅಮೆರಿಕದ ಬೇರಾವ ಯುದ್ಧವಿಮಾನವೂ ಅಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. 110 ಅಡಿ ಅಗಲದ ಉದ್ದನೆಯ ಕಿರಿದಾದ ರೆಕ್ಕೆ, 1,200 ಅಶ್ವಶಕ್ತಿಯ ನಾಲ್ಕು ಎಂಜಿನ್. ನಡೆಸಲು ಎಂಟು ಹತ್ತು ಮಂದಿ ಬೇಕು. ಬೆಂಗಳೂರಿನ ಕಾರ್ಖಾನೆಗೆ ವಯಸ್ಸು ಆಗ ಎಂಟು ವರ್ಷವೂ ತುಂಬಿರಲಿಲ್ಲ.

ಆದರೂ ಅದು ಹೇಗೆ ಸಾಧ್ಯವಾಯಿತು? ಪವಾಡದ ಮಾತು ಬೇಡ. ಉತ್ತರ ಯುದ್ಧಕಾಲದ ರಿಪೇರಿ ಶೆಡ್ಡಿನಲ್ಲಿಯೇ ಇದೆ. ಕ್ಯಾಟಲಿನಾಕ್ಕೆ ಇದ್ದದ್ದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಜಿನ್. ಹದಿನಾಲ್ಕು ಸಿಲಿಂಡರ್‌ಗಳನ್ನು ವೃತ್ತಾಕಾರದ ಎರಡು ಸಾಲಿನಲ್ಲಿ ಕೂರಿಸಿದ, ಗಾಳಿಯಿಂದಲೇ ತಣಿಯುವ ಯಂತ್ರ. ಡಕೋಟಾಕ್ಕೆ ಇದ್ದದ್ದೂ ಅದೇ ಕುಟುಂಬದ ಎಂಜಿನ್. ಲಿಬರೇಟರ್‌ನ ನಾಲ್ಕು ಎಂಜಿನ್‌ಗಳೂ ಅವೇ. ಎತ್ತರದ ತೆಳು ಗಾಳಿಯಲ್ಲಿ ಶಕ್ತಿ ಕುಂದದಿರಲೆಂದು ಲಿಬರೇಟರ್‌ಗೆ ಟರ್ಬೊ ಯಂತ್ರವೊಂದನ್ನು ಹೆಚ್ಚಿಗೆ ಜೋಡಿಸಿದ್ದರು ಎನ್ನುವುದನ್ನು ಬಿಟ್ಟರೆ, ಕ್ಯಾಟಲಿನಾ ಮತ್ತು ಡಕೋಟಾಗಳ ಮೇಲೆ ಕೈಪಳಗಿಸಿಕೊಂಡವರಿಗೆ ಅದು ಅಪರಿಚಿತ ಯಂತ್ರವೇನಲ್ಲ. ಎಂಜಿನ್ ಒಂದೇ, ವಿಮಾನ ಮೂರು. ಪರರ ಯುದ್ಧಕ್ಕಾಗಿ ಕಲಿತ ವಿದ್ಯೆ ಸ್ವಂತ ದೇಶಕ್ಕೆ ಹೀಗೆ ಒದಗಿ ಬಂತು.

ಯುದ್ಧಾನಂತರದ ದಿನಗಳಲ್ಲಿ ಈ ವಿದ್ಯೆ ಚದುರಿಹೋಗದಂತೆ ಉಳಿದದ್ದೂ ಗಮನಿಸಬೇಕಾದ ಸಂಗತಿ. ಸೈನ್ಯದ ಕೆಲಸ ನಿಂತಾಗ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧದಲ್ಲಿ ಮಿಕ್ಕ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿಕೊಟ್ಟಿತು. ಬಸ್ಸುಗಳ ಬಾಡಿ ಕಟ್ಟಿತು. ಸಂಪೂರ್ಣ ಲೋಹದ ರೈಲು ಬೋಗಿಗಳನ್ನು ತಯಾರಿಸಿತು. ವಿಮಾನದ ತಗಡಿಗೆ ರಿವೆಟ್ ಹೊಡೆದ ಕೈಗಳು ಮೂರನೇ ದರ್ಜೆಯ ಬೋಗಿಗೂ ಹೊಡೆದವು. ಆ ಬೋಗಿ ವಿಭಾಗವೇ ಮುಂದೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ಗೆ ಸೇರಿತು. ಇಂದು ನಮ್ಮ ಮೆಟ್ರೊದಲ್ಲಿ ಓಡಾಡುವವರು ಕುಳಿತಿರುವ ಎಷ್ಟೋ ಬೋಗಿಗಳು ಅದೇ ಬಿಇಎಂಎಲ್‌ನವು.

ಕಾನ್ಪುರಕ್ಕೆ ಹೋದ ಬೆಂಗಳೂರಿನ ತಂಡ ಅಲ್ಲಿ ಪೂರ್ಣ ರಿಪೇರಿಗೆ ಕೂರಲಿಲ್ಲ. ಒಂದರ ಚಕ್ರ, ಇನ್ನೊಂದರ ಎಂಜಿನ್, ಮತ್ತೊಂದರ ಬಾಲ ಎಂದು ಹೊಂದಿಸಿಕೊಂಡು, ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ವಿಮಾನವನ್ನು ಎಬ್ಬಿಸಿ ನಿಲ್ಲಿಸಿತು. ಅವನ್ನು ಹಾರಿಸಿ ತರುವ ಹೊಣೆ ಹೊತ್ತವರು ಕಂಪನಿಯ ಪರೀಕ್ಷಾ ಪೈಲಟ್ ಜಮ್‌ಶೇದ್ ಮುನ್ಶಿ. ಚಕ್ರಗಳನ್ನು ಒಮ್ಮೆ ಮಡಚಿದರೆ ಮತ್ತೆ ಇಳಿಯುತ್ತವೆಂಬ ಖಾತರಿ ಇಲ್ಲದ್ದರಿಂದ ದಾರಿಯುದ್ದಕ್ಕೂ ಚಕ್ರ ಕೆಳಗಿಟ್ಟುಕೊಂಡೇ ಹಾರಬೇಕಾಯಿತು. ಕಾನ್ಪುರದಿಂದ ಬೆಂಗಳೂರಿಗೆ ನೇರ ರೇಖೆಯಲ್ಲೇ ಸುಮಾರು 1,500 ಕಿಲೋಮೀಟರ್. ಎರಡು ವರ್ಷ ಮಳೆಯಲ್ಲಿ ನೆನೆದ, ಮರಳು ತಿಂದ ಎಂಜಿನ್‌ಗಳನ್ನು ನಂಬಿ ಕಾಡು ಬೆಟ್ಟ ನದಿಗಳನ್ನು ದಾಟುವುದು ಎಂಥ ಎದೆಗಾರಿಕೆಯ ಕೆಲಸವೆಂದು ಊಹಿಸಿಕೊಳ್ಳಬಹುದು. ಅದನ್ನು ಅವರು ಒಮ್ಮೆಯಲ್ಲ, ಮತ್ತೆ ಮತ್ತೆ ಮಾಡಿದರು.

ಬೆಂಗಳೂರಿನಲ್ಲಿ ಅಸಲು ಕೆಲಸ ನಡೆಯಿತು. ಎಂಜಿನ್ ಇಳಿಸಿ ಬಿಚ್ಚುವುದು, ಪ್ರತಿಯೊಂದು ಭಾಗವನ್ನೂ ತೊಳೆದು ಅಳೆದು ನೋಡುವುದು, ತುಕ್ಕು ಹಿಡಿದ ತಂತಿ ಬದಲಿಸುವುದು, ಒಣಗಿದ ರಬ್ಬರ್ ಕೊಳವೆಗಳನ್ನು ಕಿತ್ತು ಹೊಸದು ಹಾಕುವುದು, ತೂತು ಬಿದ್ದ ತಗಡಿಗೆ ತೇಪೆ ಹೊಡೆಯುವುದು. ಹೀಗೆ ಸಿದ್ಧವಾದ ಲಿಬರೇಟರ್‌ಗಳ ಸಂಖ್ಯೆ 42 ಎಂದು ದಾಖಲಾಗಿದೆ. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಕಾನ್ಪುರದಲ್ಲಿಯೇ ಈ ವಿಮಾನಗಳೊಂದಿಗೆ ಕಾರ್ಯಾರಂಭ ಮಾಡಿತು. ಕೆಡಿಸಿ ಎಸೆದಿದ್ದ ಜಾಗಕ್ಕೇ ಅವು ಹೊಸ ಬಣ್ಣ ಬಳಿದುಕೊಂಡು ಹಾರಿಹೋದವು.

ಇಪ್ಪತ್ತು ವರ್ಷದ ಸೇವೆ

ತಾತ್ಕಾಲಿಕ ಏರ್ಪಾಡು ಎಂದು ತೊಡಗಿದ್ದು ಎರಡು ದಶಕ ನಡೆಯಿತು. 5ನೇ ಸ್ಕ್ವಾಡ್ರನ್‌ಗೆ 1957ರಲ್ಲಿ ಕ್ಯಾನ್‌ಬೆರಾ ಜೆಟ್ ಬಾಂಬರ್‌ಗಳು ಬರುವವರೆಗೆ ಲಿಬರೇಟರ್‌ಗಳೇ ಗತಿ. 1951ರಲ್ಲಿ ಮತ್ತೆ ಕಟ್ಟಲಾದ 6ನೇ ಸ್ಕ್ವಾಡ್ರನ್ ಅವನ್ನು ಸಮುದ್ರದ ಕಾವಲಿಗೆ ಬಳಸಿತು. ಬೇರೆ ದೇಶಗಳು ಇವನ್ನು ಎಂದೋ ಕರಗಿಸಿ ಅಲ್ಯೂಮಿನಿಯಂ ಪಾತ್ರೆ ಮಾಡಿಕೊಂಡಿದ್ದ ಕಾಲದಲ್ಲಿ ಭಾರತದ ಲಿಬರೇಟರ್‌ಗಳು ಅರಬ್ಬಿ ಸಮುದ್ರದ ಮೇಲೆ ಹಾರುತ್ತಿದ್ದವು. ಅವು ಸೇವೆಯಿಂದ ನಿವೃತ್ತಿಯಾದದ್ದು 1968ರಲ್ಲಿ. ಜಗತ್ತಿನಲ್ಲಿ ಕೊನೆಯವರೆಗೂ ಲಿಬರೇಟರ್ ಹಾರಿಸಿದ ವಾಯುಪಡೆ ಭಾರತದ್ದು ಎಂದು ಪರಿಗಣಿಸಲಾಗಿದೆ.

ಆಗ ಜಗತ್ತಿಗೆ ಹಠಾತ್ತನೆ ಎಚ್ಚರವಾಯಿತು. 18 ಸಾವಿರಕ್ಕೂ ಹೆಚ್ಚು ವಿಮಾನ ಕಟ್ಟಿದ ಅಮೆರಿಕದಲ್ಲಿಯೇ ಹಾರುವ ಸ್ಥಿತಿಯ ಲಿಬರೇಟರ್ ಹುಡುಕಿದರೂ ಸಿಗುವುದು ದುರ್ಲಭವಾಗಿತ್ತು. ಭಾರತದಲ್ಲಿ ಅವು ಇದ್ದವು. 1968ರಲ್ಲಿ ಒಂದು ಕೆನಡಾಕ್ಕೆ ಹೋಗಿ ಒಟ್ಟಾವಾದ ಸಂಗ್ರಹಾಲಯ ಸೇರಿತು. 1969ರಲ್ಲಿ ಒಂದು ಅಮೆರಿಕದ ಆರಿಜೋನಾದ ಟೂಸಾನ್‌ಗೆ ಹೋಯಿತು. 1974ರಲ್ಲಿ ಇನ್ನೊಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯಕ್ಕೆ. 1980ರ ದಶಕದ ಆರಂಭದಲ್ಲಿ ಮತ್ತೊಂದು ಬ್ರಿಟನ್ನಿನ ಮೂಲಕ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿನ ಕೈಸೇರಿತು. ಅವರು ಅದನ್ನು ವರ್ಷಗಟ್ಟಲೆ ಕೂತು ದುರಸ್ತಿ ಮಾಡಿ 1989ರಲ್ಲಿ ಮತ್ತೆ ಹಾರಿಸಿದರು. ಯುದ್ಧದಲ್ಲಿ ಲಿಬರೇಟರ್ ಹಾರಿಸಿದ್ದ ಅಮೆರಿಕದ ಮುದುಕರು ಅದರ ಕೆಳಗೆ ನಿಂತು ಕಣ್ಣೊರೆಸಿಕೊಳ್ಳಲು ಅವಕಾಶವಾದದ್ದು ಬೆಂಗಳೂರಿನಲ್ಲಿ ಅದು ಒಮ್ಮೆ ಬದುಕುಳಿದದ್ದರಿಂದ. ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲೂ ಒಂದು ಲಿಬರೇಟರ್ ಇದೆ.

ಹೊರದೇಶಗಳಿಗೆ ಹೋದ ವಿಮಾನಗಳು ಹೊಸ ಬಣ್ಣ ಬಳಿಸಿಕೊಂಡವು. ಆಯಾ ದೇಶದ ಯುದ್ಧದ ನೆನಪಿಗೆ ತಕ್ಕಂತೆ ಅವಕ್ಕೆ ಅಲ್ಲಿನ ಗುರುತು, ಸಂಖ್ಯೆ, ಚಿತ್ರಗಳನ್ನು ಬರೆಯಲಾಯಿತು. ಅದರಲ್ಲಿ ತಪ್ಪೇನೂ ಇಲ್ಲ. ಆ ದೇಶಗಳ ಸಾವಿರಾರು ಯುವಕರು ಇಂಥ ವಿಮಾನಗಳಲ್ಲಿ ಪ್ರಾಣ ತೆತ್ತಿದ್ದಾರೆ. ಆದರೆ ಆ ವಿಮಾನಗಳ ಆಯುಷ್ಯದಲ್ಲಿ ಯುದ್ಧದ ಪಾಲು ಒಂದೆರಡು ವರ್ಷ, ಭಾರತದ ಪಾಲು ಇಪ್ಪತ್ತು ವರ್ಷ. ಬಣ್ಣ ಹೇಳುವುದು ಮೊದಲ ಕಥೆಯನ್ನು. ತಗಡಿನ ತೇಪೆಗಳು ಎರಡನೆಯದನ್ನು ಬಲ್ಲವು.

ಹೆಸರು ಉಳಿಯದ ಕೈಗಳು

ವಾಲಚಂದ್ ಅವರ ಮೂಲ ಕನಸು ವಿಮಾನ ಕಟ್ಟುವುದಾಗಿತ್ತು, ರಿಪೇರಿಯಲ್ಲ. ಯುದ್ಧ ಆ ಕನಸನ್ನು ಮೊಟಕುಗೊಳಿಸಿ ದೇಶವನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿತು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. 1941ರಲ್ಲಿ ಹಾರ್ಲೋ ಹಾರಿದ ಉತ್ಸಾಹದಲ್ಲಿಯೇ ಕಾರ್ಖಾನೆ ಮುಂದುವರಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಒಡೆದದ್ದನ್ನು ಬಿಚ್ಚಿ ನೋಡಿದವನಿಗೆ ಕಟ್ಟುವುದರ ಗುಟ್ಟು ತಿಳಿಯುತ್ತದೆ ಎಂಬುದೂ ಸತ್ಯ. ಡಾ. ವಿ. ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಇದೇ ಬಯಲಿನಿಂದ ಹಾರಿತು. ಅದು ಬೆಂಗಳೂರಿನಲ್ಲೇ ಯೋಚಿಸಿ, ಬರೆದು, ಕಟ್ಟಿದ ವಿಮಾನ. ಹಾರಿಸಿದವರು ಅದೇ ಮುನ್ಶಿ. ಮುಂದೆ 150ಕ್ಕೂ ಹೆಚ್ಚು ಎಚ್‌ಟಿ-2ಗಳು ತಯಾರಾಗಿ, ಭಾರತದ ಹಲವು ತಲೆಮಾರಿನ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಅವುಗಳಲ್ಲಿ. 1964ರ ಅಕ್ಟೋಬರ್ 1ರಂದು ಕಂಪನಿ ಈಗಿನ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು.

ಈ ಇತಿಹಾಸದಲ್ಲಿ ಮೇಲಿನ ಹೆಸರುಗಳು ಉಳಿದಿವೆ. ಬಂಡವಾಳ ಹೂಡಿದವರು, ಆಡಳಿತ ನಡೆಸಿದವರು, ವಿನ್ಯಾಸ ಮಾಡಿದವರು, ಹಾರಿಸಿದವರು ಗೊತ್ತು. ಮರಳು ತಿಂದ ಸಿಲಿಂಡರ್‌ಗಳನ್ನು ಒಂದೊಂದಾಗಿ ಕಿತ್ತು ತೊಳೆದವರು ಯಾರು? ರೆಕ್ಕೆಯ ಒಳಗೆ ತೆವಳಿ, ಉಸಿರು ಬಿಗಿಹಿಡಿದು ರಿವೆಟ್‌ಗೆ ಲೋಹ ಒತ್ತಿ ಹಿಡಿದವರು ಯಾರು? ಅವರ ಹೆಸರು ಜನಕ್ಕೆ ಗೊತ್ತಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರಿಗೆ ಇಲ್ಲಿ ಒಂದು ಹೋಲಿಕೆ ನೆನಪಾಗಬಹುದು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯನ್ನು ಕಟ್ಟಿಸಿದವನು ವಿಷ್ಣುವರ್ಧನ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರು, ಊರು, ಬಿರುದುಗಳನ್ನು ತಾವೇ ಕೆತ್ತಿಟ್ಟಿದ್ದಾರೆ. ಒಂಬತ್ತು ಶತಮಾನಗಳ ನಂತರವೂ ಈ ಮೂರ್ತಿ ಇಂಥವನ ಕೈಯದು ಎಂದು ಹೇಳಲು ಸಾಧ್ಯವಾದದ್ದು ಅದರಿಂದ. ಹನ್ನೆರಡನೇ ಶತಮಾನದ ಕುಶಲಕರ್ಮಿಗೆ ದೊರೆತ ಈ ಅವಕಾಶ ಇಪ್ಪತ್ತನೇ ಶತಮಾನದ ಫಿಟ್ಟರನಿಗೆ ದೊರೆಯಲಿಲ್ಲ.

1940ರ ದಶಕದಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ಬದುಕಿದ್ದರೆ ನೂರರ ಅಂಚಿನಲ್ಲಿರುತ್ತಾರೆ. ಆ ಪೀಳಿಗೆಯ ಬಾಯಿಂದ ಕೇಳುವ ಕಾಲ ಮುಗಿಯುತ್ತಾ ಬಂದಿದೆ. ಆದರೆ ಮನೆಗಳಲ್ಲಿ ಎಷ್ಟೋ ಉಳಿದಿರಬಹುದು. ಅಜ್ಜನ ಹಿತ್ತಾಳೆಯ ಟೋಕನ್, ಕಾರ್ಖಾನೆಯ ಗುರುತಿನ ಚೀಟಿ, ಟ್ರಂಕಿನ ತಳದ ಒಂದು ಗುಂಪು ಫೋಟೊ, ವಿಮಾನದ ತಗಡಿನ ಚೂರಿನಿಂದ ಮಾಡಿದ ಪೆಟ್ಟಿಗೆ, ಇಂಥವು ಗುಜರಿಯವನ ಚೀಲ ಸೇರುವ ಮೊದಲು ಯಾರಾದರೂ ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆದಿಟ್ಟರೆ ಅದೇ ಇತಿಹಾಸದ ಒಂದು ಪುಟವಾಗುತ್ತದೆ.

ಹಳೆ ಏರ್‌ಪೋರ್ಟ್ ರಸ್ತೆಯ ಸನಿಹದಲ್ಲೇ 2001ರಲ್ಲಿ ಎಚ್‌ಎಎಲ್ ತೆರೆದ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ಸಂಗ್ರಹಾಲಯವಿದೆ. ಕಂಪನಿಯ ಆರಂಭದ ದಿನಗಳ ಚಿತ್ರಗಳನ್ನೂ ಹಳೆಯ ವಿಮಾನಗಳನ್ನೂ ಎಂಜಿನ್‌ಗಳನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವವರು ವಿಮಾನದ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಒಂದು ಗಳಿಗೆ ಅದರ ರೆಕ್ಕೆಯ ಬಳಿ ನಿಲ್ಲಬೇಕು. ತಗಡಿನ ಮೇಲೆ ಸಾಲುಸಾಲಾಗಿ ಕಾಣುವ ರಿವೆಟ್‌ಗಳಲ್ಲಿ ಪ್ರತಿಯೊಂದನ್ನೂ ಕೂರಿಸಲು ಇಬ್ಬರು ಬೇಕಾಗಿತ್ತು ಎಂದು ಮಕ್ಕಳಿಗೆ ಹೇಳಬೇಕು.